ಹೆಸರಿತ್ತ ನುಡಿಯ ಋಣ

1535ರಲ್ಲಿ ಫ್ರೆಂಚ್ ನಾವಿಕ ಜ್ಯಾಕ್ ಕಾರ್ತಿಯೆ ಸೇಂಟ್ ಲಾರೆನ್ಸ್ ನದಿಯನ್ನೇರಿ ಬರುತ್ತಿದ್ದಾಗ, ಅವನಿಗೆ ದಾರಿ ತೋರುತ್ತಿದ್ದ ಇಬ್ಬರು ಮೂಲನಿವಾಸಿ ತರುಣರು ತಮ್ಮ ಊರಾದ ಸ್ಟಾಡಕೋನದ ಕಡೆಗೆ ಕೈಮಾಡಿ 'ಕನಾತ' ಎಂದರಂತೆ. ಇರೊಕ್ವಾಯ ಕುಲದ ಆ ನುಡಿಯಲ್ಲಿ ಅದಕ್ಕೆ ಹಳ್ಳಿಯೆಂದಷ್ಟೇ ಅರ್ಥ. ಆ ಮಾತು ಮೂರು ಸಾಗರಗಳನ್ನು ಮುಟ್ಟುವ ವಿಶಾಲ ದೇಶವೊಂದರ ನಾಮಧೇಯವಾಯಿತು. ಅದನ್ನಾಡಿದವರ ಭಾಷೆಯಾದರೋ ಇಂದು ಯಾರ ನಾಲಗೆಯ ಮೇಲೂ ಉಳಿದಿಲ್ಲ. ಕೆನಡದ ರಾಷ್ಟ್ರೀಯತೆಯನ್ನು ಕುರಿತು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಈ ಸಂಗತಿಗೇ ಹಿಂದಿರುಗುತ್ತದೆ.

ಆಂಗ್ಲ, ಫ್ರೆಂಚ್ ಭಾಷೆಗಳೆರಡಕ್ಕೂ 1969ರಲ್ಲಿ ಸಮಾನ ಪಟ್ಟ ಕಟ್ಟಿದ ಕೆನಡ, 1971ರ ಅಕ್ಟೋಬರ್ 8ರಂದು ಪ್ರಧಾನಿ ಪಿಯರ್ ಟ್ರೂಡೊ ಅವರ ಮುಖದಿಂದ, ತನಗೆ ಅಧಿಕೃತ ಭಾಷೆಗಳುಂಟಾದರೂ ಅಧಿಕೃತವಾದ ಸಂಸ್ಕೃತಿಯೆಂಬುದೊಂದಿಲ್ಲವೆಂದು ಸಂಸತ್ತಿನಲ್ಲಿ ಸಾರಿ, ಬಹುಸಂಸ್ಕೃತಿಯನ್ನೇ ರಾಜ್ಯನೀತಿಯಾಗಿ ಅಂಗೀಕರಿಸಿತು. ಅದು ಉದಾತ್ತವಾದ ನಡೆ. ಇಂದು ಟೊರಾಂಟೊದ ಕನ್ನಡಿಗರು ನಿರಾತಂಕವಾಗಿ ರಾಜ್ಯೋತ್ಸವವನ್ನಾಚರಿಸುವುದಕ್ಕೂ ಆ ಔದಾರ್ಯದ ಬೆಂಬಲವುಂಟು, ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ದೂರದಿಂದ ಬಂದವರಿಗೆ ತೆರೆದ ಆ ಬಾಗಿಲು ಆ ಮನೆಯಲ್ಲೇ ಹುಟ್ಟಿದವರಿಗೆ ತೆರೆದಿತ್ತೆ?

ಆ ಘೋಷಣೆಯಾಗಿ ಎರಡು ವರ್ಷ ಕಳೆದಮೇಲೆ, 1973ರಲ್ಲಿ, ಇಂದು ಫಿಲಿಸ್ ವೆಬ್‌ಸ್ಟಾಡ್ ಎಂದು ಹೆಸರಾದ ಬ್ರಿಟಿಷ್ ಕೊಲಂಬಿಯದ ಆರು ವರ್ಷದ ಮೂಲನಿವಾಸಿ ಬಾಲಕಿ, ಅಜ್ಜಿ ಕೊಡಿಸಿದ, ಎದೆಯ ಮೇಲೆ ದಾರದ ಹೆಣಿಕೆಯಿದ್ದ ಹೊಚ್ಚಹೊಸ ಕಿತ್ತಳೆ ಬಣ್ಣದ ಅಂಗಿಯನ್ನು ಸಂಭ್ರಮದಿಂದ ತೊಟ್ಟು ವಸತಿಶಾಲೆಗೆ ಹೋದಳು. ಮೊದಲ ದಿನವೇ ಅದನ್ನು ಕಳಚಿಸಿಕೊಂಡರು. ಅಂಗಿ ಮತ್ತೆ ಅವಳ ಮೈಗೇರಲಿಲ್ಲ. ಒಂದೂವರೆ ಲಕ್ಷಕ್ಕೂ ಮಿಗಿಲಾದ ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಅಗಲಿಸಿ, ತಾಯ್ನುಡಿಯಾಡಿದ್ದಕ್ಕೆ ದಂಡಿಸಿ, ತಮ್ಮವರಿಗೇ ಪರಕೀಯರನ್ನಾಗಿ ಮಾಡಿದ ಆ ಶಾಲಾವ್ಯವಸ್ಥೆ ಪೂರ್ಣವಾಗಿ ಮುಚ್ಚಿದ್ದು 1990ರ ದಶಕದ ಕೊನೆಯ ಭಾಗದಲ್ಲಿ.

2008ರಲ್ಲಿ ಸರ್ಕಾರ ಅದಕ್ಕಾಗಿ ಸಂಸತ್ತಿನಲ್ಲೇ ಕ್ಷಮೆ ಯಾಚಿಸಿತು. ಆ ಶಾಲೆಗಳ ಇತಿಹಾಸವನ್ನು ಪರಿಶೀಲಿಸಿದ ಸತ್ಯ ಮತ್ತು ಸಮಾಧಾನದ ಆಯೋಗವು 2015ರಲ್ಲಿ ಆ ವ್ಯವಸ್ಥೆಯನ್ನು ಸಾಂಸ್ಕೃತಿಕ ನರಮೇಧವೆಂದೇ ಕರೆಯಿತು. ಆ ಮಕ್ಕಳ ನೆನಪಿಗೆಂದು ಪ್ರತಿ ಸೆಪ್ಟೆಂಬರ್ 30ರಂದು ಅಸಂಖ್ಯ ಕೆನಡಿಯನ್ನರು ಕಿತ್ತಳೆ ಅಂಗಿ ತೊಡುತ್ತಾರೆ. ತನ್ನ ಪಾಪವನ್ನು ತಾನೇ ಬರೆದಿಟ್ಟುಕೊಳ್ಳುವ ರಾಷ್ಟ್ರಗಳು ವಿರಳ. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೂ 2021ರಲ್ಲಿ ಇನ್ಯುಯಿಟ್ ಜನಾಂಗದ ಮೇರಿ ಸೈಮನ್ ಗವರ್ನರ್ ಜನರಲ್ ಪದವಿಗೆ ಬಂದಾಗ, ಆಕೆಗೆ ತನ್ನವರ ನುಡಿಯಾದ ಇನುಕ್ಟಿಟುಟ್ ಬರುತ್ತದೆಂಬ ಹೆಮ್ಮೆಗೆ ಸಮನಾಗಿ ಫ್ರೆಂಚ್ ಬಾರದೆಂಬ ಆಕ್ಷೇಪವೂ ಎದ್ದಿತು. ಬಾಲ್ಯದಲ್ಲಿ ತಾನು ಓದಿದ ಸರ್ಕಾರಿ ಶಾಲೆಯಲ್ಲಿ ಫ್ರೆಂಚ್ ಕಲಿಯುವ ಅವಕಾಶವೇ ಇರಲಿಲ್ಲವೆಂದು ಆಕೆ ಉತ್ತರಿಸಬೇಕಾಯಿತು.

ಮೂಲನಿವಾಸಿ ಭಾಷೆಗಳ ರಕ್ಷಣೆಗೆಂದು 2019ರಲ್ಲಿ ಶಾಸನವೇನೋ ಆಯಿತು. ಶಾಸನ ಪಾಠ ಹೇಳಲಾರದು. 1999ರಲ್ಲಿ ಇನ್ಯುಯಿಟರಿಗೆಂದೇ ರೂಪುಗೊಂಡ ನುನಾವುಟ್ ಪ್ರದೇಶದಲ್ಲಿ ಎಲ್ಲ ತರಗತಿಗಳಿಗೂ ಅವರ ನುಡಿಯಲ್ಲಿ ಶಿಕ್ಷಣ ದೊರೆಯಬೇಕೆಂಬ ವಿಧಿಯು, ಆ ನುಡಿ ಬಲ್ಲ ಅಧ್ಯಾಪಕರು ಸಾಲದ ಕಾರಣ, 2020ರಲ್ಲಿ ತಿದ್ದುಪಡಿಗೊಂಡು, 2039ರವರೆಗೆ ಮುಂದೂಡಲ್ಪಟ್ಟಿತು. ಅಧ್ಯಾಪಕರನ್ನು ತರಬೇತುಗೊಳಿಸುವ ದ್ರವ್ಯವನ್ನು, ಆಂಗ್ಲ ಫ್ರೆಂಚ್‌ಗಳಿಗೆ ವ್ಯಯಿಸುವಷ್ಟೇ ಧಾರಾಳವಾಗಿ, ಒಟ್ಟಾವದ ಕೇಂದ್ರ ಸರ್ಕಾರ ಈಗಲೇ ಒದಗಿಸಬೇಕು. ಏಕೆಂದರೆ ಆ ತಿದ್ದುಪಡಿಯಾದ ವರ್ಷ ನುನಾವುಟ್ಟಿನ ಇಕಾಲುಯಿಟ್ಟಿನಲ್ಲಿ ಒಂದನೆಯ ತರಗತಿಗೆ ಸೇರಿದ ಮಗು, 2039 ಬರುವಷ್ಟರಲ್ಲಿ ಶಾಲೆ ಬಿಟ್ಟು ಎಷ್ಟೋ ವರ್ಷಗಳಾಗಿರುತ್ತವೆ.