ಸುಂಕದವನ ಮುಂದೆ ಸುಖದುಃಖ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಬಹು ಹಳೆಯದು. ಸುಂಕದ ಕಟ್ಟೆಯಲ್ಲಿ ಕಣ್ಣೀರಿಗೆ ಬೆಲೆಯಿಲ್ಲವೆಂಬುದು ಇಂದಿಗೂ ಸುಳ್ಳಲ್ಲ. ಆದರೆ ಆ ಕಟ್ಟೆಯೇ ಕೊನೆಯಲ್ಲ; ಅದರಿಂದ ಮೇಲೇರಲು ಕಾಯಿದೆಯಲ್ಲಿ ಮೆಟ್ಟಿಲುಗಳುಂಟು.

ಉಪ್ಪಿನಬೆಟಗೇರಿಯ ಒಂದು ಮನೆಯ ಮಗನು ದುಬೈಯಲ್ಲಿ ದುಡಿದು, ತಂಗಿಯ ಮದುವೆಗೆಂದು ಒಡವೆ ತಂದನೆಂದು ಭಾವಿಸಿರಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಅದನ್ನು ಜಪ್ತಿ ಮಾಡಿದರು. ಮುಂದೇನು?

1962ರ ಕಸ್ಟಮ್ಸ್ ಕಾಯಿದೆಯ 124ನೆಯ ಕಲಮಿನಂತೆ, ಮುಟ್ಟುಗೋಲಿನ ಆಜ್ಞೆಗೆ ಮುನ್ನ ಕಾರಣ ಕೇಳುವ ನೋಟೀಸು ಕೊಟ್ಟು ಅವನ ಮಾತನ್ನು ಆಲಿಸಬೇಕು. ಜಪ್ತಿಯಾದ ಆರು ತಿಂಗಳೊಳಗೆ ನೋಟೀಸು ಬಾರದೆ, ಅವಧಿಯೂ ಕ್ರಮಬದ್ಧವಾಗಿ ವಿಸ್ತರಣೆಯಾಗದಿದ್ದರೆ, ಒಡವೆಯನ್ನು ಹಿಂದಿರುಗಿಸತಕ್ಕದ್ದು. ‘ನೋಟೀಸು ಬೇಡ’ವೆಂಬ ಅಚ್ಚಾದ ಕಾಗದಕ್ಕೆ ಪ್ರಯಾಣಿಕರಿಂದ ಸಹಿ ಹಾಕಿಸಿಕೊಳ್ಳುವ ಪದ್ಧತಿ ಸಲ್ಲದೆಂದು ದೆಹಲಿ ಹೈಕೋರ್ಟು 2025ರಲ್ಲಿ ಹೇಳಿದೆ. ಆದರೂ ಓದದೆ ಸಹಿ ಹಾಕದಿರುವುದೇ ಲೇಸು.

ಆಜ್ಞೆ ಪ್ರತಿಕೂಲವಾದರೆ, ಅದು ಕೈಸೇರಿದ 60 ದಿನಗಳೊಳಗೆ ಅಪೀಲುಗಳ ಕಮಿಷನರರಿಗೆ ಮೊರೆಯಿಡಬೇಕು. ಯೋಗ್ಯ ಕಾರಣ ತೋರಿದರೆ ಇನ್ನೂ 30 ದಿನಗಳ ರಿಯಾಯಿತಿಯುಂಟು. ಅದಕ್ಕೂ ಮೀರಿದ ವಿಳಂಬವನ್ನು ಮನ್ನಿಸುವ ಅಧಿಕಾರ ಅವರಿಗಿಲ್ಲ. ವಿವಾದದಲ್ಲಿರುವ ಸುಂಕ ಅಥವಾ ದಂಡದ ಶೇಕಡಾ 7.5ರಷ್ಟನ್ನು ಮುಂಗಡವಾಗಿ ಕಟ್ಟಬೇಕು.

ಅಲ್ಲಿಯೂ ಸೋತರೆ ದಾರಿ ಕವಲೊಡೆಯುತ್ತದೆ. ವ್ಯಾಪಾರದ ಸರಕಿನ ವ್ಯಾಜ್ಯ 1982ರಲ್ಲಿ ಸ್ಥಾಪಿತವಾದ ಅಪೀಲು ನ್ಯಾಯಮಂಡಳಿಗೆ ಹೋಗುತ್ತದೆ. ಅದರ ಪೀಠ ಬೆಂಗಳೂರಿನಲ್ಲಿಯೇ ಇದೆ. ಆದರೆ ಪ್ರಯಾಣಿಕನ ಸಾಮಾನಿನ ವ್ಯಾಜ್ಯಕ್ಕೆ ಆ ಬಾಗಿಲು ಮುಚ್ಚಿದೆ. ಅವನು ಮೂರು ತಿಂಗಳೊಳಗೆ ಕೇಂದ್ರ ಸರಕಾರಕ್ಕೆ ಪುನರ್ವಿಮರ್ಶೆಯ ಅರ್ಜಿ ಸಲ್ಲಿಸಬೇಕು. ಈ ಭೇದವರಿಯದೆ ತಪ್ಪು ಬಾಗಿಲು ತಟ್ಟಿದವನಿಗೆ ಹಣವೂ ಹೋಗುತ್ತದೆ, ಕಾಲವೂ ಹೋಗುತ್ತದೆ.

ನೇರವಾಗಿ ಹೈಕೋರ್ಟಿಗೇ ಹೋಗಬಾರದೇಕೆ? ಹೋಗಬಹುದು, ಆದರೆ ಅಪೀಲಿನ ಮಾರ್ಗವಿರುವಾಗ ಕೋರ್ಟು ಸಾಮಾನ್ಯವಾಗಿ ಅತ್ತಲೇ ಬೆರಳು ತೋರುತ್ತದೆ. ಅಧಿಕಾರಿಗೆ ಅಧಿಕಾರವೇ ಇಲ್ಲದಿದ್ದರೆ, ಮಾತು ಕೇಳದೆ ಆಜ್ಞೆ ಮಾಡಿದ್ದರೆ, ಅಥವಾ ನಿಯಮವೇ ದೋಷಯುಕ್ತವಾಗಿದ್ದರೆ ಮಾತ್ರ ಬೇರೆ. ಸರಕು ಇಳಿಸುವ ಖರ್ಚು ಎಷ್ಟೇ ಇರಲಿ, ಮೌಲ್ಯದ ಶೇಕಡಾ 1ನ್ನು ಸೇರಿಸಿಯೇ ಸುಂಕವೆಣಿಸಬೇಕೆಂಬ ನಿಯಮವನ್ನು ಬೆಂಗಳೂರಿನ ವಿಪ್ರೋ ಕಂಪನಿಯು ಮದರಾಸು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಅಲ್ಲಿ ಸೋತರೂ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು: ನಿಜವಾದ ಖರ್ಚು ತಿಳಿದಿರುವಾಗ ಕಲ್ಪಿತ ಖರ್ಚು ಸಲ್ಲದು.

ಧಾರವಾಡದಲ್ಲಿ 2013ರಿಂದ ಹೈಕೋರ್ಟಿನ ಖಾಯಂ ಪೀಠವಿದೆ. ಬೆಟಗೇರಿಗೆ ಅದು ಹತ್ತಿರವೆಂಬುದಷ್ಟೇ ಸಾಲದು. ವ್ಯಾಜ್ಯದ ಕಾರಣ ಎಲ್ಲಿ ಹುಟ್ಟಿತೆಂಬುದನ್ನು ನೋಡಬೇಕು. ಅಪೀಲಿನ ಗಡುವು ಕಳೆದ ಮೇಲೆ ರಿಟ್ ಅರ್ಜಿಯ ನೆರಳಿಗೆ ಬಂದವರಿಗೆ ಆಶ್ರಯ ದುರ್ಲಭವೆಂಬುದನ್ನು ಸುಪ್ರೀಂ ಕೋರ್ಟು 2020ರಲ್ಲಿ ಆಂಧ್ರದ ತೆರಿಗೆ ಮೊಕದ್ದಮೆಯೊಂದರಲ್ಲಿ ಸ್ಪಷ್ಟಪಡಿಸಿದೆ.

ಆದುದರಿಂದ ಆಜ್ಞೆ ಬಂದ ದಿನವೇ ಲಕೋಟೆಯ ಮೇಲೆ ತಾರೀಖು ಬರೆದಿಡಬೇಕು. ಜಪ್ತಿಯ ಪಂಚನಾಮೆ, ಒಡವೆ ಕೊಂಡ ರಸೀದಿ, ಪಾಸ್‌ಪೋರ್ಟು ಒಂದೆಡೆ ಇರಬೇಕು. ಸುಖದುಃಖ ಕೇಳದ ಕಟ್ಟೆಯೂ ತಾರೀಖು ಮತ್ತು ರಸೀದಿಗಳ ಮಾತನ್ನು ಕೇಳಲೇಬೇಕಾಗುತ್ತದೆ.