ಮಳೆಗೆ ಮುಂಚೆ ಮಾಡು ಹತ್ತಿಸೋ ಅವಸರ: ಬಿದ್ದರೆ ಹೊಣೆ ಯಾರದ್ದು?

ಮೇ ಕೊನೆ ವಾರ. ಪೇಟೆಯಲ್ಲಿ ಒಂದು ರೌಂಡ್ ಹಾಕಿ ನೋಡಿ, ನಾಲ್ಕು ಅಂಗಡಿಗೆ ಒಂದರಂತೆ ಮೇಲೆ ಯಾರಾದರೂ ಕಾಣ್ತಾರೆ. ಒಬ್ಬರು ಸಿಮೆಂಟ್ ಶೀಟಿನ ಬಿರುಕಿಗೆ ಟಾರು ಬಳೀತಾ ಇರ್ತಾರೆ, ಇನ್ನೊಬ್ಬರು ಹಂಚು ಕೈಯಾಡಿಸ್ತಾ ಇರ್ತಾರೆ, ಮತ್ತೊಬ್ಬರು ಹರಿದ ಫ್ಲೆಕ್ಸ್ ಬಿಚ್ತಾ ಇರ್ತಾರೆ. ಕಾಲಲ್ಲಿ ಹವಾಯಿ ಚಪ್ಪಲಿ. ಕೆಳಗೆ ಏಣಿ ಹಿಡಿಯೋಕೂ ಜನ ಇಲ್ಲ. ಮಲೆನಾಡಲ್ಲಿ ಇದು ವರ್ಷಾ ವರ್ಷ ನಡೆಯೋ ಕೆಲಸ, ಹಾಗಾಗಿ ಯಾರಿಗೂ ವಿಶೇಷ ಅನ್ನಿಸಲ್ಲ. ಯಾರಾದರೂ ಬಿದ್ದಾಗ ಮಾತ್ರ ಸುದ್ದಿ.

ಬಿದ್ದಾಗ ನಾವು ಬರೆಯೋದು ಒಂದೇ ಸಾಲು: 'ಕಾಲು ಜಾರಿ ಬಿದ್ದು'. ಆದರೆ ಕಾಲು ಜಾರೋದು ಕೊನೆಯ ಕ್ಷಣದ ಮಾತು. ಅದಕ್ಕೂ ಮುಂಚೆ ಕೆಳಗೆ ನಿಂತು ಐದು ನಿಮಿಷ ನಡೆಯೋ ಮಾತುಕತೆಯಲ್ಲೇ ಅರ್ಧ ಅಪಾಯ ತೀರ್ಮಾನ ಆಗಿರುತ್ತೆ. 'ಎಷ್ಟು ತಗೋತೀಯ? ಇವತ್ತೇ ಮುಗಿಸ್ತೀಯಾ?' ಅಷ್ಟೇ ಕೇಳ್ತೀವಿ. ಹೇಗೆ ಹತ್ತುತೀಯ, ಎಲ್ಲಿ ಕಾಲಿಡ್ತೀಯ ಅಂತ ಯಾರೂ ಕೇಳಲ್ಲ.

ಶೀಟು ಎಷ್ಟು ಒಡೀತು?

ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟ ಮೇಲೆ ನಾನು ಐದಾರು ತಿಂಗಳು ಡಿಶ್ ಕೂರಿಸೋ ಒಬ್ಬ ಅಣ್ಣನ ಜೊತೆ ಹೋಗ್ತಿದ್ದೆ. ಒಂದು ದಿನ ಗೋಡೌನ್ ಮೇಲೆ ಕೆಲಸ. 'ಬೋಲ್ಟ್ ಸಾಲಿನ ಮೇಲೇ ಕಾಲಿಡೋ' ಅಂತ ಅಣ್ಣ ಕೂಗಿ ಹೇಳಿದ್ರು. ವೈರ್ ಎಳೆಯೋ ಭರದಲ್ಲಿ ನಾನು ಶೀಟಿನ ನಡುವೆ ಕಾಲಿಟ್ಟೆ. ಟಕ್ ಅಂತ ಸದ್ದು, ತೊಡೆವರೆಗೂ ಒಳಗೆ. ಇನ್ನೊಂದು ಕಾಲು ಕಬ್ಬಿಣದ ಪೈಪಿನ ಮೇಲಿದ್ದಿದ್ದಕ್ಕೆ ಉಳಿದೆ. ಕೆಳಗೆ ಹದಿನಾಲ್ಕು ಅಡಿ, ಸಿಮೆಂಟ್ ನೆಲ. ಮಾಲೀಕರು ಮೊದಲು ಕೇಳಿದ್ದು 'ಶೀಟು ಎಷ್ಟು ಒಡೀತು?' ಅಂತ. ಅವತ್ತಿನ ಕೂಲಿಯಲ್ಲಿ ಶೀಟಿನ ದುಡ್ಡು ಕಟ್ಟಾಯ್ತು.

ಹತ್ತು ಅಡಿ ಅಷ್ಟೇ ತಾನೇ ಅಂತೀವಿ. ಹತ್ತು ಅಡಿಯಿಂದ ನೆಲ ಮುಟ್ಟೋಕೆ ಒಂದು ಸೆಕೆಂಡೂ ಬೇಡ. ಆಗ ವೇಗ ಗಂಟೆಗೆ ಸುಮಾರು 28 ಕಿ.ಮೀ. ಇಪ್ಪತ್ತು ಅಡಿಯಾದರೆ 39 ಕಿ.ಮೀ. ಬೈಕಲ್ಲಿ ಆ ಸ್ಪೀಡಲ್ಲಿ ಹೋಗಿ ತಲೆಯನ್ನ ಗೋಡೆಗೆ ಗುದ್ದಿದ ಹಾಗೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯ್ತಾರೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ಎರಡನೆಯದು. ಮನೆಯೊಳಗೆ ಬೀಳೋ ವಯಸ್ಸಾದವರೂ ಈ ಲೆಕ್ಕದಲ್ಲಿದ್ದಾರೆ.

ಒಂದೊಂದು ಮಾಡಿಗೆ ಒಂದೊಂದು ಅಪಾಯ

ಸಿಮೆಂಟ್ ಶೀಟು: ಎಲ್ಲಕ್ಕಿಂತ ಮೋಸ ಇದರದ್ದು. ನೋಡೋಕೆ ಗಟ್ಟಿ, ಆದರೆ ವರ್ಷ ಕಳೆದಂತೆ ಪೆಡಸಾಗುತ್ತೆ. ಹಾವಸೆ ಮತ್ತು ಪೇಂಟ್ ಬಿರುಕನ್ನ ಮುಚ್ಚಿಡುತ್ತೆ. ಬೆಳಕಿಗೆ ಅಂತ ನಡುವೆ ಹಾಕಿರೋ ಫೈಬರ್ ಶೀಟೂ ಧೂಳು ಕೂತ ಮೇಲೆ ಅದೇ ಬಣ್ಣ. ಬೋಲ್ಟ್ ಸಾಲಿನ ಮೇಲೆ ನಡೆಯೋದು ಹಳೇ ಉಪಾಯ, ಅದೊಂದೇ ಸಾಲಲ್ಲ. ಕನಿಷ್ಠ ಎರಡು ಅಡ್ಡ ಪೈಪಿನ ಮೇಲೆ ಕೂರೋ ಅಷ್ಟು ಉದ್ದದ ಗಟ್ಟಿ ಹಲಗೆ ಹಾಸಿ, ಅದು ಜಾರದ ಹಾಗೆ ಕಟ್ಟಿ, ಅದರ ಮೇಲೇ ಓಡಾಡಬೇಕು. ಹಳೇ ಶೀಟಲ್ಲಿ ಆಸ್‌ಬೆಸ್ಟಾಸ್ ನಾರು ಇರುತ್ತೆ, ಒಣಗಿದ್ದಾಗ ಕೊಯ್ದರೆ ಆ ಧೂಳು ಶ್ವಾಸಕೋಶಕ್ಕೆ ಹೋಗುತ್ತೆ.

ಹಂಚು: ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಹಂಚು ಇವತ್ತಿಗೂ ನಮ್ಮ ಹಳೇ ಮನೆಗಳ ಮೇಲಿದೆ. ಹಂಚಿಗಿಂತ ಮೊದಲು ಹಾಳಾಗೋದು ಅದರ ಕೆಳಗಿನ ಮರ. ರೀಪು, ಪಕಾಸಿಗೆ ಗೆದ್ದಲು ಹಿಡಿದಿದ್ದರೆ ಮೇಲಿನಿಂದ ಗೊತ್ತಾಗಲ್ಲ. ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಿ. ಒಂದೆರಡು ಹಂಚು ಬದಲಿಸೋದಿದ್ದರೆ ಎಷ್ಟೋ ಸಲ ಅಟ್ಟದ ಒಳಗಿಂದಲೇ ಮಾಡಬಹುದು, ಮಾಡು ಹತ್ತೋದೇ ಬೇಡ.

ತಾರಸಿ: 'ಮೇಲೆ ಇನ್ನೊಂದು ಮಹಡಿ ಏರಿಸೋದಿದೆ' ಅಂತ ಸುತ್ತಲಿನ ಗಿಡ್ಡಗೋಡೆ ಕಟ್ಟದೇ ಬಿಟ್ಟಿರೋ ಕಟ್ಟಡ ಎಷ್ಟಿಲ್ಲ ನಮ್ಮ ಪೇಟೆಯಲ್ಲಿ! ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಅದು ಕನಿಷ್ಠ 1 ಮೀಟರ್ ಎತ್ತರ ಇರಬೇಕು. ಅಡಿಕೆ ಹರಡೋವಾಗ ಹಿಂದೆ ಹಿಂದೆ ಹೆಜ್ಜೆ ಇಡ್ತಾ ಬರ್ತೀವಿ. ಮೋಡ ಕಂಡ ತಕ್ಷಣ ಟಾರ್ಪಾಲ್ ಎಳೆಯೋಕೆ ಓಡ್ತೀವಿ. ಅಂಚು ಎಲ್ಲಿದೆ ಅನ್ನೋದು ಆಗ ನೆನಪಲ್ಲಿರಲ್ಲ.

ಏಣಿ ಮತ್ತು ಕರೆಂಟ್

ಹತ್ತೋದು, ಇಳಿಯೋದೂ ಕೆಲಸದಷ್ಟೇ ಅಪಾಯದ್ದು. ಏಣಿಗೆ ಲೆಕ್ಕ ಸುಲಭ: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ. ಹನ್ನೆರಡು ಅಡಿ ಗೋಡೆಗೆ ಬುಡ ಮೂರು ಅಡಿ ಆಚೆ ಇರಬೇಕು. ಏಣಿಯ ತುದಿ ಮಾಡಿನ ಅಂಚಿಗಿಂತ ಮೂರು ಅಡಿ ಮೇಲೆ ಬಂದರೆ ಇಳಿಯೋವಾಗ ಹಿಡಿಯೋಕೆ ಸಿಗುತ್ತೆ. ಮೇಲೆ ಕಟ್ಟಬೇಕು, ಕೆಳಗೆ ಒಬ್ಬರು ಹಿಡಿಯಬೇಕು. ಸಾಮಾನು ಕೈಯಲ್ಲಿ ಹಿಡಿದು ಹತ್ತಬಾರದು, ಹಗ್ಗ ಬಿಟ್ಟು ಎಳ್ಕೊಳ್ಳಿ.

ಪೇಟೆ ಬೀದಿಯಲ್ಲಿ ಇನ್ನೊಂದು ತೊಂದರೆ ಲೈನ್. ಕಟ್ಟಡದಿಂದ ಮನೆ ಸಪ್ಲೈ ಲೈನ್ 2.5 ಮೀಟರ್ ಮೇಲೆ, ಪಕ್ಕಕ್ಕೆ 1.2 ಮೀಟರ್ ದೂರ ಇರಬೇಕು. 11 ಕೆವಿ ಲೈನ್ ಆದರೆ ಮೇಲೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್. ಎಷ್ಟೋ ಕಡೆ ಲೈನ್ ಮೊದಲು ಬಂದಿದೆ, ಆಮೇಲೆ ನಾವು ಶೀಟು ಮುಂದಕ್ಕೆ ಚಾಚಿದ್ದೀವಿ. ದೂರ ಸರಿಯಾಗೇ ಇದ್ದರೂ, ಮೇಲೆ ನಿಂತವನು ಹತ್ತು ಅಡಿ ಪೈಪನ್ನ ನೆಟ್ಟಗೆ ಎತ್ತಿದರೆ ಆ ಅಂತರ ಮುಗೀತು. ಫ್ಲೆಕ್ಸ್ ಫ್ರೇಮ್, ಅಲ್ಯೂಮಿನಿಯಂ ಏಣಿ ಎಲ್ಲಕ್ಕೂ ಇದೇ ಮಾತು. ಲೈನ್ ಹತ್ತಿರ ಇದ್ದರೆ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಹೇಳಿ ಸಪ್ಲೈ ತೆಗೆಸಿ. ಸಹಾಯವಾಣಿ 1912.

ಈಗ ಸೋಲಾರ್ ಬೇರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂ. ಸಬ್ಸಿಡಿ ಇರೋದರಿಂದ ಮಾಡಿನ ಮೇಲೆ ಓಡಾಟ ಜಾಸ್ತಿ ಆಗಿದೆ. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರೋ ತನಕ ಪ್ಯಾನೆಲ್ ಮತ್ತು ಅದರ ವೈರಲ್ಲಿ ಕರೆಂಟ್ ಇರುತ್ತೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಬೆಲ್ಟ್ ಹಾಕಿದರೆ ಸಾಕಾ?

ಸಾಲಲ್ಲ. ಸೊಂಟದ ಬೆಲ್ಟ್ ಬೇಡ, ತೊಡೆ ಮತ್ತು ಭುಜ ಎರಡನ್ನೂ ಹಿಡಿಯೋ ಪೂರ್ತಿ ಬೆಲ್ಟ್ ಬೇಕು (ಐಎಸ್ 3521 ಮಾರ್ಕ್ ನೋಡಿ). ಅದನ್ನ ಎಲ್ಲಿಗೆ ಕಟ್ತೀರಿ ಅನ್ನೋದು ಇನ್ನೂ ಮುಖ್ಯ. ನೀರಿನ ಪೈಪು, ಡಿಶ್ ಕಂಬ ಮನುಷ್ಯನ ಭಾರದ ಎಳೆತ ತಡೆಯಲ್ಲ. ಇನ್ನೊಂದು ವಿಷಯ: ನಮ್ಮ ಅಂಗಡಿಗಳು ಹನ್ನೆರಡು ಅಡಿ. ಆರು ಅಡಿ ಹಗ್ಗದಲ್ಲಿ ಕಟ್ಟಿಕೊಂಡವನು ಬಿದ್ದರೆ ಹಗ್ಗ ಬಿಗಿಯಾಗಿ ತಡೆಯೋದರೊಳಗೆ ನೆಲ ಮುಟ್ಟಿರಬಹುದು. ಕಡಿಮೆ ಎತ್ತರದಲ್ಲಿ ಹಗ್ಗ ಎಷ್ಟು ಗಿಡ್ಡ ಇರಬೇಕು ಅಂದರೆ, ಆತ ಅಂಚಿಗೆ ತಲುಪಲೇಬಾರದು.

ದುಡ್ಡಿನ ಲೆಕ್ಕ

'ಅವನೇ ಗುತ್ತಿಗೆ ತಗೊಂಡಿದ್ದು, ನಮಗೇನು?' ಅನ್ನೋ ಮಾತು ಅಂಗಡಿಯವರಲ್ಲಿ ಸಾಮಾನ್ಯ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ದು ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 106(1) ಪ್ರಕಾರ 5 ವರ್ಷದವರೆಗೆ ಜೈಲಿದೆ. ಹಳೇ ಐಪಿಸಿಯಲ್ಲಿ ಇದು 2 ವರ್ಷ ಇತ್ತು. ಶೀಟು ಕೊಳೆತಿರೋದು ಗೊತ್ತಿದ್ದೂ ಹೇಳದೇ ಹತ್ತಿಸಿದ್ದರೆ ಪ್ರಶ್ನೆ ನಿಮ್ಮ ಕಡೆಗೂ ಬರುತ್ತೆ.

ಹತ್ತೋರಿಗೂ ಒಂದು ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ವಯಸ್ಸು 18ರಿಂದ 70. ಇದರ ವರ್ಷ ಶುರುವಾಗೋದು ಜೂನ್ 1ಕ್ಕೆ, ಹಾಗಾಗಿ ಈ ವಾರ ಖಾತೆಯಲ್ಲಿ ಆ 20 ರೂಪಾಯಿ ಇದೆಯಾ ನೋಡಿಕೊಳ್ಳಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರೋ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ಹತ್ತಿಸೋ ಮುಂಚೆ ಕೇಳಿ

- ಈ ಕೆಲಸ ಕೆಳಗಿಂದ ಅಥವಾ ಅಟ್ಟದಿಂದ ಆಗುತ್ತಾ?
- ಕೊಳೆತ ಜಾಗ, ಫೈಬರ್ ಶೀಟು ಎಲ್ಲಿದೆ ಅಂತ ತೋರಿಸಿದ್ದೀವಾ?
- ಹಲಗೆ ಇದೆಯಾ? ಏಣಿ ಹಿಡಿಯೋಕೆ ಜನ ಇದ್ದಾರಾ?
- ಲೈನ್ ಎಷ್ಟು ದೂರ?
- ಇಬ್ಬನಿ, ಮಳೆ, ಗುಡುಗು ಇದೆಯಾ? ಇದ್ದರೆ ಇವತ್ತು ಬೇಡ.
- ಹತ್ತೋರು ಕುಡಿದಿದ್ದಾರಾ, ತಲೆಸುತ್ತು ಇದೆಯಾ?

ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಿ ಆಟೋಕ್ಕೆ ಹಾಕಬೇಡಿ. ಬೆನ್ನುಮೂಳೆ ಮುರಿದಿದ್ದರೆ ಹಾಗೆ ಎತ್ತೋದರಿಂದಲೇ ಜೀವನಪೂರ್ತಿ ಕಾಲು ಹೋಗಬಹುದು. ಅಲುಗಾಡಿಸದೇ 108ಕ್ಕೆ ಫೋನ್ ಮಾಡಿ. ಕರೆಂಟ್ ಹೊಡೆದಿದ್ದರೆ ಸಪ್ಲೈ ತೆಗೆಯೋ ತನಕ ಮುಟ್ಟಬೇಡಿ.

ಒಂದು ಹಲಗೆ, ಒಂದು ಹಗ್ಗ, ಏಣಿ ಹಿಡಿಯೋಕೆ ಒಬ್ಬರ ಅರ್ಧ ದಿನದ ಕೂಲಿ. ಒಂದು ಅಂಗಡಿಯ ಸೋರಿಕೆ ರಿಪೇರಿಗೆ ಇಷ್ಟು ಹೆಚ್ಚಾಗುತ್ತೆ ಅಷ್ಟೇ. ಈ ವಾರ ನಿಮ್ಮ ಅಂಗಡಿ ಮೇಲೂ ಯಾರಾದರೂ ಹತ್ತಬಹುದು. ಕೂಲಿ ಮಾತಾಡೋಕೆ ಮುಂಚೆ ಹೊರಗೆ ಬಂದು ಒಂದು ಸಲ ಮೇಲೆ ನೋಡಿ.