ಪ್ಲಾಸ್ಟರ್ ಬಿಚ್ಚಿದ ಮೇಲೆ

ಮಂಗಳಗಿರಿಯ ಜೆಸ್ಸಿ ರಾಜ್ ಸ್ಕೇಟಿಂಗ್‌ಗಾಗಿ 2024ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ ಪಡೆದಾಗ ಇಲ್ಲಿನ ನಮ್ಮ ಕನ್ನಡದ ಮಂದಿಯೂ ಹೆಮ್ಮೆಪಟ್ಟರು. ಅದೇ ಮಂದಿ, ಸ್ಕೇಟಿಂಗ್‌ನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡ ನನಗೆ, ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇನ್ರೀ?’ ಎನ್ನುತ್ತಾರೆ. ಬೈಕಿನಿಂದ ಬಿದ್ದವರಿಗೆ ಬೈಕು ಮಾರಿಬಿಡಿ ಎಂದು ಯಾರೂ ಹೇಳುವುದಿಲ್ಲ. ಮಕ್ಕಳ ಪದಕಕ್ಕೆ ಚಪ್ಪಾಳೆ, ದೊಡ್ಡವರ ಆಟಕ್ಕೆ ಬುದ್ಧಿವಾದ!

ಮೂಳೆ ಕೂಡಲು ಸುಮಾರು 6 ವಾರ ಸಾಕು. ಬಿಗಿದ ಕೀಲು, ಸೊರಗಿದ ಸ್ನಾಯು ಮತ್ತೆ ಪಳಗಲು ತಿಂಗಳುಗಳೇ ಬೇಕು. ಪ್ಲಾಸ್ಟರ್ ಬಿಚ್ಚಿದ ಮೇಲೆ ಅದಕ್ಕೆ ಮದ್ದು ವಿಶ್ರಾಂತಿಯಲ್ಲ, ಫಿಸಿಯೋಥೆರಪಿ. ನೋವಿನಲ್ಲೂ ದಿನಾ ವ್ಯಾಯಾಮ ಮಾಡಲು ಒಂದು ಆಸೆ ಬೇಡವೇ? ನನ್ನ ಆಸೆ ಚಕ್ರದ ಮೇಲಿದೆ. ಡಾಕ್ಟರು ಒಪ್ಪಿದ ದಿನ ರಿಸ್ಟ್ ಗಾರ್ಡ್ ಕಟ್ಟಿಕೊಂಡು ರಿಂಕಿಗೆ ಇಳಿಯುತ್ತೇನೆ. ಕೈ ಮುರಿದವರನ್ನು ಕಂಡಾಗ ‘ಸಾಕು ಬಿಡಿ’ ಎನ್ನಬೇಡಿ, ‘ವ್ಯಾಯಾಮ ಮಾಡ್ತಿದ್ದೀರಾ?’ ಎಂದು ಕೇಳಿ.